ಎಸ್.ಪಿ. ರೋಡಿನಲ್ಲಿ ಹಾಜರಿ ಕರೆದದ್ದು

ನಮ್ಮ ಬೀದಿಯ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಮೈಕ್‌ಸೆಟ್ ಬಾಡಿಗೆಗೆ ತರಿಸುತ್ತಿದ್ದೆವು. ಅರ್ಧ ದಿನಕ್ಕೆ 3,500 ರೂಪಾಯಿ. ಜೊತೆಗೆ ಮೈಕ್‌ಸೆಟ್ ಹುಡುಗನಿಗೆ ತಿಂಡಿ ಕಾಫಿ, ಯಾರದೋ ಮನೆಯಿಂದ ಎಳೆದ ಕರೆಂಟು. ಈ ಸಲ ಕಮಿಟಿಯವರು, "ಒಂದು ಬ್ಲೂಟೂತ್ ಪಾರ್ಟಿ ಸ್ಪೀಕರ್ ತಗೊಂಡುಬಿಡೋಣ, ಗಣೇಶನ ಹಬ್ಬಕ್ಕೂ ಆಗುತ್ತೆ" ಎಂದರು. ಚಂದಾ ದುಡ್ಡಿನಲ್ಲಿ 8,000 ಎತ್ತಿಟ್ಟು, ಆರಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಟೀಚರ್ ಆಗಿದ್ದವಳು, ಮೈಕ್ ಹಿಡಿದು ಅಭ್ಯಾಸ ಇದೆ. ನನ್ನ ಅರ್ಹತೆ ಅಷ್ಟೇ.

ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗನನ್ನು ಕರೆದುಕೊಂಡು ಶನಿವಾರ ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿದು, ಅಲ್ಲಿಂದ ನಡೆದೇ ಎಸ್.ಪಿ. ರೋಡು, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ. ಆನ್‌ಲೈನಿನಲ್ಲೂ ತರಿಸಬಹುದಿತ್ತು. ಆದರೆ ಸದ್ದು ಕೇಳದೆ ಸ್ಪೀಕರ್ ಆರಿಸೋದು ಹೇಗೆ?

ಮೊದಲ ಅಂಗಡಿಯಲ್ಲಿ ಡಬ್ಬದ ಮೇಲೆ ದೊಡ್ಡದಾಗಿ 1000 ವ್ಯಾಟ್ ಎಂದಿತ್ತು. ಪಕ್ಕದಲ್ಲಿ ಪಿಎಂಪಿಒ. ಹುಡುಗ ಸ್ಪೀಕರನ್ನು ತಿರುಗಿಸಿ ಹಿಂದಿನ ಲೇಬಲ್ ತೋರಿಸಿದ. ಇರುವೆಯಂಥ ಅಕ್ಷರದಲ್ಲಿ 20 ವ್ಯಾಟ್ ಆರ್‌ಎಂಎಸ್. "ಆಂಟಿ, ಪಿಎಂಪಿಒ ಅಂದ್ರೆ ಒಂದು ಕ್ಷಣಕ್ಕೆ ಎಷ್ಟು ಅರಚಬಹುದು ಅಂತ ಅವರೇ ಹಾಕಿಕೊಂಡ ಲೆಕ್ಕ. ಬಿಡದೆ ಎಷ್ಟು ಹೊತ್ತು ಬೇಕಾದ್ರೂ ಕೊಡೋದು ಆರ್‌ಎಂಎಸ್. ಅದನ್ನ ಮಾತ್ರ ನೋಡಿ." ಅಂಗಡಿಯವರ ಮುಖ ಸ್ವಲ್ಪ ಸಣ್ಣದಾಯಿತು.

ಇನ್ನೊಂದು ವಿಷಯವೂ ಹೇಳಿದ. 40 ವ್ಯಾಟಿನ ಬದಲು 80 ವ್ಯಾಟ್ ತಗೊಂಡರೆ ಸದ್ದು ಎರಡು ಪಟ್ಟು ಆಗುವುದಿಲ್ಲ, ಸದ್ದಿನ ಅಳತೆಯಲ್ಲಿ ಜಾಸ್ತಿಯಾಗುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹೆಚ್ಚುಕಡಿಮೆ 10 ಪಟ್ಟು ವ್ಯಾಟ್ ಬೇಕು. ಹಾಗಾಗಿ 40ಕ್ಕೂ 60ಕ್ಕೂ ತಲೆ ಕೆಡಿಸಿಕೊಳ್ಳಬಾರದು ಅಂತ ಅಲ್ಲೇ ತೀರ್ಮಾನಿಸಿದೆವು.

ಅಂಗಡಿಗಳಲ್ಲಿ ಕೇಳಿಸುವ ಹಾಡು ಎಲ್ಲ ಕಡೆ ಒಂದೇ ಜಾತಿ. ಬರೀ ಧಡ್ ಧಡ್. ಬಣ್ಣದ ಲೈಟು ಕುಣಿಯುತ್ತೆ, ಎದೆ ಅದುರುತ್ತೆ, ನಾವು ಮರುಳಾಗುತ್ತೇವೆ. ಒಂದರಲ್ಲಿ ಎರಡೂ ತುದಿಯ ರಬ್ಬರ್ ತಟ್ಟೆಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಅವಕ್ಕೆ ವೈರೇ ಇರುವುದಿಲ್ಲವಂತೆ. ಒಳಗಿನ ಗಾಳಿಯ ಒತ್ತಡಕ್ಕೆ ಅದುರಿ ಬಾಸ್, ಅಂದರೆ ದಪ್ಪ ಸದ್ದು, ತುಂಬುತ್ತವೆ, ಅಷ್ಟೇ.

ನಾನು ನನ್ನ ಫೋನ್ ಜೋಡಿಸಿ, ಹೋದ ವರ್ಷ ನಮ್ಮ ಮಕ್ಕಳು ಹಾಡಿದ ನಾಡಗೀತೆಯ ರೆಕಾರ್ಡಿಂಗ್ ಹಾಕಿದೆ. ಎದೆ ನಡುಗಿಸಿದ ಸ್ಪೀಕರಿನಲ್ಲಿ ಮಕ್ಕಳ ಒಂದು ಮಾತೂ ಬಿಡಿಸಿ ಕೇಳಲಿಲ್ಲ. ಮೂಲೆಯಲ್ಲಿದ್ದ, ಲೈಟು ಕಡಿಮೆ ಇದ್ದ ಒಂದರಲ್ಲಿ ಪ್ರತಿ ಅಕ್ಷರ ಕೇಳಿಸಿತು. ಅದರಲ್ಲಿ ದಪ್ಪ ಸದ್ದಿಗೆ ವೂಫರ್ ಬೇರೆ, ತೆಳು ಸದ್ದಿಗೆ ಚಿಕ್ಕ ಟ್ವೀಟರ್ ಬೇರೆ.

ಆಮೇಲೆ ಮೈಕ್. ಕಮಿಟಿಯಲ್ಲಿ ಯಾರೂ ಇದರ ಬಗ್ಗೆ ಮಾತೇ ಎತ್ತಿರಲಿಲ್ಲ. ಭಾಷಣ, ಹಾಡು, ಬಹುಮಾನದ ಹೆಸರು, ಎಲ್ಲ ನಡೆಯುವುದು ಮೈಕಿನಲ್ಲೇ ಅಲ್ವಾ? ಡಬ್ಬದೊಳಗಿನ ಕಾರ್ಡ್‌ಲೆಸ್ ಮೈಕ್ ಹಿಡಿದು ಹಳೇ ಹಾಜರಿ ಪುಸ್ತಕದ ಹೆಸರುಗಳನ್ನು ಕೂಗಿದೆ. ಅಂಗಡಿಯವರು "ಎಸ್ ಮಿಸ್" ಅಂದರು! ಆದರೆ ನನ್ನ ದನಿ ಬಾವಿಯೊಳಗಿನಿಂದ ಬಂದಂತಿತ್ತು. ಈ ಸ್ಪೀಕರುಗಳಲ್ಲಿ ಹಾಡೋರಿಗೆ ಅಂತ ಎಕೋ ಏರಿಸಿಟ್ಟಿರುತ್ತಾರೆ. ಎಕೋಗೆ ಬೇರೆ ತಿರುಪು ಇತ್ತು, ಸೊನ್ನೆಗೆ ಇಳಿಸಿದ ಮೇಲೆ ಮಾತು ಮಾತಾಯಿತು. ವೈರಿನ ಮೈಕ್ ಸಿಕ್ಕಿಸಲು ದಪ್ಪ ತೂತೂ ಇತ್ತು. ಕಾರ್ಡ್‌ಲೆಸ್ ಸೆಲ್ ಕೈಕೊಟ್ಟಾಗ ಅದೇ ಗತಿ.

ಬ್ಯಾಟರಿ ಲೆಕ್ಕ ಹುಡುಗ ಫೋನಿನಲ್ಲೇ ಮಾಡಿದ. 7.4 ವೋಲ್ಟ್, 4400 ಎಂಎಎಚ್. ಗುಣಿಸಿ ಸಾವಿರದಿಂದ ಭಾಗಿಸಿದರೆ ಸುಮಾರು 33 ವ್ಯಾಟ್-ಅವರ್, ಬ್ಯಾಟರಿಯಲ್ಲಿ ಹಿಡಿಸುವ ಶಕ್ತಿ ಅಷ್ಟು. ಡಬ್ಬದ ಮೇಲಿನ 6 ಗಂಟೆ ಅರ್ಧ ವಾಲ್ಯೂಮಿನ ಮಾತು, ಜೋರಾಗಿಟ್ಟರೆ ಅಷ್ಟು ಬಾರದು. ಚಾರ್ಜ್‌ಗೆ ಹಾಕಿಕೊಂಡೇ ಹಾಡುತ್ತದೆಯೇ ಎಂದು ಹಾಕಿಸಿ ನೋಡಿದೆವು. ಹಾಡಿತು. ಟೈಪ್-ಸಿ ಪಿನ್ನು, ಯಾರ ಮನೆಯ ಚಾರ್ಜರ್ ಆದರೂ ನಡೆಯುತ್ತದೆ. ನೀರಿಗೆ ಐಪಿಎಕ್ಸ್4, ಅಂದರೆ ಚಿಮುಕುವ ನೀರಿಗೆ ಮಾತ್ರ. ನವೆಂಬರ್ ಹನಿಗೆ ಸಾಕು. ಹಿಂದಿನ ರಬ್ಬರ್ ಮುಚ್ಚಳ ತೆಗೆದು ವೈರು ಸಿಕ್ಕಿಸಿದರೆ ಅದನ್ನೂ ನಂಬುವ ಹಾಗಿಲ್ಲ.

8,400 ಎಂದರು. ಬಿಲ್ ಇಲ್ಲದೆ ಇನ್ನೂ ಕಡಿಮೆಗೆ ಕೊಡುತ್ತೇನೆ ಎಂದರು. ಚಂದಾ ದುಡ್ಡು, ಬಿಲ್ ಬೇಕೇ ಬೇಕು. ವಾರಂಟಿ ಸೀಲು ಹೊಡೆಸಿ 7,600ಕ್ಕೆ ಮುಗಿಸಿದೆವು.

ರಾಜ್ಯೋತ್ಸವದ ಬೆಳಿಗ್ಗೆ ಯಾರೋ ಅದನ್ನು ನೆಲದ ಮೇಲಿಟ್ಟಿದ್ದರು. ಮುಂದಿನ ಸಾಲಿನ ಕಾಲುಗಳಿಗಷ್ಟೇ ಭಾಷಣ ಕೇಳಿಸುತ್ತಿತ್ತೇನೋ. ಟೇಬಲ್ ಮೇಲೆ ತಲೆ ಎತ್ತರಕ್ಕೆ ಇಡಿಸಿದ ಮೇಲೆ ಬೀದಿಯ ಕೊನೆಯ ಮನೆಯ ಅಜ್ಜಿಗೂ ಮಾತು ಮುಟ್ಟಿತು. ಮೈಕ್ ಹಿಡಿದವರು ಸ್ಪೀಕರ್ ಮುಂದೆ ಬಂದಾಗೆಲ್ಲ ಕುಂಯ್ ಅಂದಿತು. ಹಿಂದೆ ನಿಲ್ಲಿ ಅಂತ ಸುಣ್ಣದಲ್ಲಿ ಗೆರೆ ಎಳೆದೆ.

ಈಗ ಸ್ಪೀಕರ್ ನಮ್ಮ ಮನೆಯಲ್ಲೇ ಇದೆ. ಲಿಥಿಯಂ ಬ್ಯಾಟರಿ ಪೂರ್ತಿ ಖಾಲಿಯಾಗಿ ಬಿದ್ದಿದ್ದರೆ ಹಾಳಾಗುತ್ತದೆ, ಅದಕ್ಕೆ ಆಗಾಗ ಚಾರ್ಜ್ ಮಾಡುತ್ತೇನೆ. ನಾಮಕರಣ, ಬರ್ತ್‌ಡೇ ಅಂತ ಕೇಳಿಕೊಂಡು ಬರುತ್ತಾರೆ. ಕೊಡುವಾಗ ಎರಡು ಷರತ್ತು. ರಾತ್ರಿ 10 ಗಂಟೆಗೆ ಬಂದ್, ಅದು ಕಾನೂನೂ ಹೌದು. ಮೈಕನ್ನು ಮಕ್ಕಳ ಕೈಗೆ ಕೊಡಬಾರದು. ಮೊದಲನೆಯದನ್ನು ಎಲ್ಲರೂ ಪಾಲಿಸುತ್ತಾರೆ.