ರಾಯಚೂರಿನ ಬಿಸಿಲಲ್ಲಿ ನಾಲ್ಕು ಗಂಟೆ ಅಂದರೆ ಎಷ್ಟು?

ಮಗಳು ಹೊಟ್ಟೆಯಲ್ಲಿದ್ದಾಗಲೇ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೆ. ಹಿಂಡಿದ ಎದೆಹಾಲು ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ, ಫ್ರೀಜರಿನಲ್ಲಿ 6 ತಿಂಗಳು. ಎಲ್ಲ ಕಡೆ ಸಿಗುವ ಲೆಕ್ಕ ಇದು. ಅದರ ಕೆಳಗಿದ್ದ ಒಂದು ಸಣ್ಣ ಸಾಲನ್ನು ಮಾತ್ರ ನಾನು ಬರೆದುಕೊಂಡಿರಲಿಲ್ಲ. ಕೋಣೆ ಅಂದರೆ 25 ಡಿಗ್ರಿ ದಾಟದ ಕೋಣೆ.

ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ನಮ್ಮ ಪಡಸಾಲೆಯ ಗೋಡೆ ಮೇಲಿನ ಥರ್ಮಾಮೀಟರ್ 38 ತೋರಿಸುತ್ತಿತ್ತು. ಹೊರಗೆ 42. ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ಸುತ್ತುತ್ತದೆ. ಈ ಕೋಣೆಯಲ್ಲಿ ಹಾಲು ಎಷ್ಟು ಹೊತ್ತು ಇರುತ್ತದೆ ಎಂದು ಯಾವ ಚೀಟಿಯಲ್ಲೂ ಇರಲಿಲ್ಲ. ಮಕ್ಕಳ ಡಾಕ್ಟರನ್ನು ಕೇಳಿದೆ. ಬೇಸಿಗೆಯಲ್ಲಿ ಕೋಣೆಯ ಲೆಕ್ಕ ಮರೆತುಬಿಡಿ ಅಂದರು. ಹಿಂಡಿದ ಕೂಡಲೇ ತಣ್ಣಗೆ ಮಾಡಿ, ಇಲ್ಲವಾದರೆ ಆಗಲೇ ಕುಡಿಸಿ. ಅಷ್ಟೇ.

ರಾಯಚೂರು, ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಬೇಸಿಗೆಯಲ್ಲಿ ಕೆಲಸಕ್ಕೆ ಮರಳುವ ತಾಯಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಆಗ ಇಂಥದ್ದೊಂದು ಓದಲು ಸಿಕ್ಕಿದ್ದರೆ ಎಷ್ಟೋ ಹಾಲು ಉಳಿಯುತ್ತಿತ್ತು.

ಮಗಳು ಹುಟ್ಟಿದ್ದು ನವೆಂಬರಿನಲ್ಲಿ. ಹೆರಿಗೆಗೆ ಮೂರು ವಾರ ಮುಂಚೆಯೇ ರಜೆ ಹಾಕಿದ್ದೆ. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ತಿದ್ದುಪಡಿ ಆದಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಸಿಗುತ್ತದೆ. ಅದಕ್ಕೂ ಮೊದಲು ಬರೀ 12 ವಾರ ಇತ್ತು. ಹಾಗಾಗಿ ನನಗೆ ಸಿಕ್ಕಿದ್ದು ಜಾಸ್ತಿಯೇ, ಒಪ್ಪುತ್ತೇನೆ. ಆದರೂ ಏಪ್ರಿಲ್ ನಡುವಿಗೆ ರಜೆ ಮುಗಿಯಿತು. ಕೂಸಿಗೆ ಐದು ತಿಂಗಳು ಆಗಷ್ಟೇ ತುಂಬಿತ್ತು. ಆರು ತಿಂಗಳು ತಾಯಿ ಹಾಲು ಬಿಟ್ಟು ಬೇರೇನೂ ಬೇಡ ಅನ್ನುತ್ತಾರಲ್ಲ, ಅದಕ್ಕೆ ಇನ್ನೂ ಮೂರ್ನಾಲ್ಕು ವಾರ ಬಾಕಿ. ನಮ್ಮ ಕಡೆ ಬಿಸಿಲಿಗೆ ಹೆದರಿ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನನ್ನದು ಖಾಸಗಿ ಕೆಲಸ, ಮಾನ್ವಿಯಲ್ಲಿ. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ಸಂಜೆ ಏಳಾಗುತ್ತಿತ್ತು.

ಪೌಡರ್ ಹಾಲು ಕೊಡು, ಯಾಕೆ ಇಷ್ಟು ಒದ್ದಾಟ ಅಂದವರು ಬಹಳ ಜನ. ಅದು ಬೇಕಾದವರಿಗೆ ಬೇಕೇ ಬೇಕು, ಅವರು ಯಾರ ಮಾತಿಗೂ ನೊಂದುಕೊಳ್ಳಬಾರದು. ಆದರೆ ನನಗೆ ಹಾಲಿತ್ತು. ಮತ್ತೆ ಪೌಡರ್ ಅಂದರೆ ನೀರು ಬೇಕಲ್ವಾ? 2022ರ ಬೇಸಿಗೆಯಲ್ಲಿ ಕಲುಷಿತ ನೀರು ಕುಡಿದು ನಮ್ಮೂರಿನಲ್ಲಿ ಜನ ಸತ್ತರು. ಆ ದಿನಗಳ ಹೆದರಿಕೆ ನನ್ನ ಮನಸ್ಸಿನಿಂದ ಹೋಗಿಲ್ಲ. ಕುದಿಸಿ ಆರಿಸಿದ ನೀರನ್ನೂ ನಾನು ಎರಡು ಸಲ ನೋಡುತ್ತೇನೆ.

ಮೊದಲು ಹಾಲು ಹಿಂಡುವ ಕೈ ಪಂಪ್ ತಂದೆ. ನೋವು ಬಿಟ್ಟರೆ ಮತ್ತೇನೂ ಬರಲಿಲ್ಲ. ಬಾಣಂತನದಲ್ಲಿ ಎದೆ ಕಲ್ಲಿನ ಹಾಗೆ ಗಟ್ಟಿಯಾದಾಗ ಒಬ್ಬ ನರ್ಸಮ್ಮ ಕೈಯಿಂದ ಹಿಂಡುವುದು ಹೇಳಿಕೊಟ್ಟಿದ್ದರು. ಕೊನೆಗೆ ಕೈಹಿಡಿದದ್ದು ಅದೇ. ಕೈಯನ್ನು ಸೋಪಿನಲ್ಲಿ ಚೆನ್ನಾಗಿ ತೊಳೆದುಕೊಳ್ಳಬೇಕು. ಬೆಚ್ಚಗಿನ ಒದ್ದೆ ಬಟ್ಟೆ ಎರಡು ನಿಮಿಷ ಎದೆ ಮೇಲೆ ಹಾಕಿಕೊಂಡು ಮೆಲ್ಲಗೆ ನೀವಬೇಕು. ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಅಂಚಿಗಿಂತ ಸ್ವಲ್ಪ ಹಿಂದೆ ಮೇಲೆ ಹೆಬ್ಬೆರಳು, ಕೆಳಗೆ ಎರಡು ಬೆರಳು. ಮೊದಲು ಎದೆಗೂಡಿನ ಕಡೆ ಒತ್ತುವುದು, ಆಮೇಲೆ ಬೆರಳುಗಳನ್ನು ಹತ್ತಿರ ತರುವುದು, ಬಿಡುವುದು. ತೊಟ್ಟನ್ನು ಹಿಡಿದು ಎಳೆಯಬಾರದು, ಚರ್ಮದ ಮೇಲೆ ಬೆರಳು ಜಾರಿಸಬಾರದು. ಹೀಗೆ ಬೆರಳಿನ ಜಾಗ ಬದಲಿಸುತ್ತಾ ಸುತ್ತಲೂ ಒತ್ತಬೇಕು. ಮೊದಲ ಒಂದೆರಡು ನಿಮಿಷ ಬರೀ ಹನಿ. ಅಲ್ಲಿಗೆ ಕೈಬಿಡಬೇಡಿ. ಆಮೇಲೆ ಎಳೆ ಎಳೆಯಾಗಿ ಚಿಮ್ಮುತ್ತದೆ. ನಾಲ್ಕೈದು ನಿಮಿಷಕ್ಕೆ ಇನ್ನೊಂದು ಬದಿ, ಮತ್ತೆ ಮೊದಲ ಬದಿ. ಒಟ್ಟು ಅರ್ಧ ಗಂಟೆ ಬೇಕು.

ಮನೆಯಲ್ಲಿ ಬರುವ ಹಾಲು ಕಚೇರಿಯಲ್ಲಿ ಬರಲಿಲ್ಲ. ಶೌಚಾಲಯದಲ್ಲಿ ಮಾಡಿಕೊಳ್ಳಿ ಎಂದು ಮೇಲಿನವರು ಹೇಳಿದಾಗ ನನಗೆ ಅಳು ಬಂತು. ಅದು ನನ್ನ ಮಗಳ ಊಟ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಕೊಡಬೇಕು ಎಂದು ಕಾನೂನೇ ಹೇಳುತ್ತದೆ. ಅದನ್ನು ಕಾಗದದಲ್ಲಿ ಬರೆದುಕೊಟ್ಟ ಮೇಲೆ ಹಳೆಯ ಕಡತಗಳ ಕೋಣೆಯ ಬೀಗದ ಕೈ ಸಿಕ್ಕಿತು. ಕಿಟಕಿ ಇಲ್ಲ, ಒಂದು ಸ್ಟೂಲು. ಕಸ ಗುಡಿಸುವ ಅಕ್ಕ ಬಾಗಿಲ ಹೊರಗೆ ಕಾಯುತ್ತಿದ್ದಳು.

ಅಲ್ಲೂ ಮೂರು ದಿನ ಬರೀ ಹನಿಯೇ. ಅತ್ತೆಗೆ ಹೇಳಿದೆ. ಅವರು ಹಿಂದೆ ಎಮ್ಮೆ ಸಾಕಿದವರು. "ಕರು ಕಾಣದ ಎಮ್ಮಿ ತೊರಿ ಬಿಡ್ತದೇನು?" ಅಂದು ಮಗಳ ತಲೆಯಿಂದ ಕುಂಚಿಗೆ ಬಿಚ್ಚಿ ನನ್ನ ಚೀಲಕ್ಕೆ ಹಾಕಿದರು. ಮರುದಿನ ಆ ಕೋಣೆಯಲ್ಲಿ ಕುಂಚಿಗೆಯನ್ನು ಮೂಗಿಗೆ ಹಿಡಿದೆ. ಎಣ್ಣೆ, ಬಜೆ, ಅವಳ ನೆತ್ತಿಯ ವಾಸನೆ. ಎದೆ ಜುಮ್ಮೆಂದಿತು. ಒಂದೇ ಸಲಕ್ಕೆ ಎಂಬತ್ತು ಎಂಎಲ್ ಬಂತು. ಆಕ್ಸಿಟೋಸಿನ್ ಎಂಬ ಹಾರ್ಮೋನು ಹಾಲನ್ನು ಹೊರಗೆ ತಳ್ಳುತ್ತದೆ, ಮಗುವಿನ ದನಿ, ವಾಸನೆ, ನೆನಪು ಸಾಕು ಅದಕ್ಕೆ, ಹೆದರಿಕೆ ಅದನ್ನು ತಡೆಯುತ್ತದೆ ಎಂದು ಆಮೇಲೆ ಓದಿದೆ. ಅತ್ತೆಗೆ ಅದು ಎಮ್ಮೆಯಿಂದಲೇ ಗೊತ್ತಿತ್ತು.

ಈಗ ಬಿಸಿಲಿನ ಮಾತು. ಮಧ್ಯಾಹ್ನ 12ಕ್ಕೆ ಹಿಂಡಿದ ಹಾಲು ಸಂಜೆ ಏಳಕ್ಕೆ ಮನೆ ಸೇರಬೇಕು. ಕಚೇರಿಯಲ್ಲಿ ಫ್ರಿಜ್ ಇಲ್ಲ. ಬಸ್ಸಿನ ಸೀಟೇ ಸುಡುತ್ತದೆ. ದಾರಿ ತೋರಿಸಿದ್ದು ನಮ್ಮ ಓಣಿಗೆ ಬರುವ ಆಶಾ ಕಾರ್ಯಕರ್ತೆಯ ಹೆಗಲ ಮೇಲಿನ ಡಬ್ಬಿ. ಪೋಲಿಯೊ ಹನಿ ಅದರಲ್ಲೇ ಅಲ್ವಾ ಬರುವುದು? ನಾಲ್ಕು ಬದಿಗೆ ನಾಲ್ಕು ಐಸ್ ಪ್ಯಾಕ್, ನಡುವೆ ಲಸಿಕೆ. ಬಿಸಿಲಲ್ಲಿ ಮನೆ ಮನೆ ಸುತ್ತಿದರೂ ಲಸಿಕೆ ಕೆಡುವುದಿಲ್ಲ. ನಾನೂ ಅಂಥದ್ದೇ ಒಂದು ಚಿಕ್ಕ ನೀಲಿ ಡಬ್ಬಿ ಮತ್ತು ನಾಲ್ಕು ಜೆಲ್ ಪ್ಯಾಕ್ ತಂದೆ. ಪ್ಯಾಕುಗಳು ರಾತ್ರಿಯಿಡೀ ಫ್ರೀಜರಿನಲ್ಲಿ. ಬೆಳಿಗ್ಗೆ ಡಬ್ಬಿಗೆ. ಹಿಂಡಿದ ಹಾಲು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಅದು ಐಸ್ ಪ್ಯಾಕಿಗೆ ತಾಗುವ ಹಾಗೆ. ಇಂಥ ಡಬ್ಬಿಯಲ್ಲಿ 24 ಗಂಟೆ ಇಡಬಹುದು ಅನ್ನುತ್ತಾರೆ. ನಾನು ಗಡಿಯಾರ ನಂಬಲಿಲ್ಲ. ಮನೆಗೆ ಬಂದಾಗ ಪ್ಯಾಕಿನೊಳಗೆ ಇನ್ನೂ ಗಡ್ಡೆ ಇದ್ದರೆ ಹಾಲು ಫ್ರಿಜ್ಜಿಗೆ. ಪ್ಯಾಕ್ ಪೂರ್ತಿ ನೀರಾಗಿ ಡಬ್ಬಿ ಬೆಚ್ಚಗಿದ್ದರೆ ಆ ಹಾಲು ಬೇಡ. ಹಾಗೆ ಆದದ್ದು ಒಂದೇ ಸಲ, ಬಸ್ ಕೆಟ್ಟು ದಾರಿಯಲ್ಲಿ ನಿಂತ ದಿನ. ಮುಚ್ಚಳವನ್ನು ಮೇಲಿಂದ ಮೇಲೆ ತೆಗೆಯಬೇಡಿ. ನೀರು ಕುಡಿಯುವ ಬಾಟಲಿಯನ್ನು ಅದರಲ್ಲಿ ಇಡಲೇಬೇಡಿ.

ಇನ್ನೊಂದು ವಿಷಯ. ಆ 6 ತಿಂಗಳ ಲೆಕ್ಕ ಬೇರೆ ಬಾಗಿಲಿರುವ ಫ್ರೀಜರಿಗೆ. ನಮ್ಮಂಥವರ ಮನೆಯಲ್ಲಿರುವುದು ಒಂದೇ ಬಾಗಿಲಿನ ಫ್ರಿಜ್. ಒಳಗಿನ ಐಸಿನ ಪೆಟ್ಟಿಗೆಯಲ್ಲಿ ಎರಡು ವಾರಕ್ಕಿಂತ ಜಾಸ್ತಿ ಇಡಬಾರದು. ಇದು ನನಗೆ ತಡವಾಗಿ ಗೊತ್ತಾಯಿತು.

ಮೇ ತಿಂಗಳಲ್ಲಿ ಒಂದು ಸಂಜೆ ಗಾಳಿ ಮಳೆ ಬಂತು. ರಾತ್ರಿ ಒಂಬತ್ತಕ್ಕೆ ಹೋದ ಕರೆಂಟು ಬಂದದ್ದು ಮರುದಿನ ಬೆಳಿಗ್ಗೆ ಹತ್ತಕ್ಕೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು ನಮ್ಮಿಂದ ಇಪ್ಪತ್ತು ಕಿಲೋಮೀಟರು, ಆದರೂ ಆ ರಾತ್ರಿ ನಮಗೆ ದೀಪ ಇರಲಿಲ್ಲ. ಮನೆ ತುಂಬ ನೆಂಟರು. ತಣ್ಣೀರಿಗೆಂದು ಎಷ್ಟು ಸಲ ಫ್ರಿಜ್ಜಿನ ಬಾಗಿಲು ತೆಗೆದರೋ. ಬೆಳಿಗ್ಗೆ ನೋಡಿದರೆ ಗಟ್ಟಿ ಮಾಡಿಟ್ಟಿದ್ದ ಹಾಲಿನ ಒಂಬತ್ತು ಪ್ಯಾಕೆಟ್ ನೀರಾಗಿ ಬೆಚ್ಚಗೆ ಕೂತಿದ್ದವು. ಪೂರ್ತಿ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಬಾರದು. ಬೆಚ್ಚಗಾದದ್ದನ್ನು ಕುಡಿಸುವ ಧೈರ್ಯ ನನಗಿರಲಿಲ್ಲ. ಒಂಬತ್ತು ಪ್ಯಾಕೆಟ್ ಅಂದರೆ ನನ್ನ ಒಂಬತ್ತು ಅರ್ಧ ಗಂಟೆಗಳು. ಬಚ್ಚಲಿಗೆ ಸುರಿಯಲು ಹೋದೆ. ಅತ್ತೆ ಕೈ ಹಿಡಿದರು. ತಾಯಿ ಹಾಲು ಬಚ್ಚಲಿಗೆ ಹೋಗಬಾರದು ಎಂದು ಹಿತ್ತಲಿನ ಮಲ್ಲಿಗೆ ಬುಡಕ್ಕೆ ಒಂದೊಂದಾಗಿ ಹಾಕಿದರು. ನಾನು ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ.

ಆಮೇಲೆ ಫ್ರೀಜರಿನ ಖಾಲಿ ಜಾಗಕ್ಕೆಲ್ಲ ನೀರಿನ ಬಾಟಲಿ ತುಂಬಿಸಿಟ್ಟೆವು. ತುಂಬಿದ ಫ್ರೀಜರ್ ಬೇಗ ಕರಗುವುದಿಲ್ಲ. ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ಹಾಗಾಗಿ ಕರೆಂಟು ಹೋದ ಕೂಡಲೇ ಅತ್ತೆ ಫ್ರಿಜ್ಜಿನ ಹಿಡಿಕೆಗೆ ಟವೆಲ್ ಕಟ್ಟುತ್ತಿದ್ದರು. ಕುಡಿಯಲು ಮಣ್ಣಿನ ಹರವಿಯ ನೀರು. ನಾಲ್ಕು ಗಂಟೆ ದಾಟುವ ಹಾಗಿದ್ದರೆ ಹಾಲು ನೀಲಿ ಡಬ್ಬಿಗೆ.

ಇದೇ ಅತ್ತೆ ಮೊದಮೊದಲು ಮೈಯಿಂದ ಹೊರಬಂದ ಹಾಲು ಕೂಸಿಗೆ ಒಗ್ಗಲ್ಲ ಅಂದಿದ್ದರು. ಒಂದು ದಿನ ಕರಗಿಸಿದ ಹಾಲಿಗೆ ಸೋಪಿನಂಥ ವಾಸನೆ ಬಂದಾಗ ಹಳಸಿದೆ ಎಂದು ಎತ್ತಿಟ್ಟರು. ಅದು ಹಳಸಿದ್ದಲ್ಲ. ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆದಾಗ ಹಾಗೆ ಆಗುತ್ತದೆ. ಹುಳಿ ನಾತ ಬಂದರೆ ಮಾತ್ರ ಬೇಡ. ಮೇಲೆ ಕೆನೆ ಬೇರೆಯಾಗಿ ನಿಂತರೂ ಹೆದರಬೇಕಿಲ್ಲ, ಮೆಲ್ಲಗೆ ತಿರುಗಿಸಿದರೆ ಸೇರಿಕೊಳ್ಳುತ್ತದೆ. ಒಲೆ ಮೇಲೆ ಇಡಬಾರದು, ಮೈಕ್ರೋವೇವ್ ಬೇಡವೇ ಬೇಡ. ಬಿಸಿನೀರಿನ ಬಟ್ಟಲಲ್ಲಿ ಡಬ್ಬಿ ಇಟ್ಟರೆ ಸಾಕು.

ಬಾಟಲಿ ನಾವು ತರಲಿಲ್ಲ. ನನ್ನ ಗಂಡ ಕೂಸಾಗಿದ್ದಾಗಿನ ಬೆಳ್ಳಿ ಒಳಲೆ, ಅಂದರೆ ಕೂಸಿಗೆ ಹಾಲು ಕುಡಿಸುವ ಮೂತಿಯ ಬಟ್ಟಲು, ಪೆಟ್ಟಿಗೆಯಲ್ಲಿತ್ತು. ಅತ್ತೆ ಒಳಲೆಯನ್ನು ಪ್ರತಿ ಸಲ ನೀರಲ್ಲಿ ಕುದಿಸಿ, ಮಗಳನ್ನು ತೊಡೆ ಮೇಲೆ ತುಸು ಎತ್ತರಿಸಿ ಕೂರಿಸಿಕೊಂಡು, ತುಟಿಗೆ ತಾಗಿಸಿ ಹಿಡಿಯುತ್ತಿದ್ದರು. ಬಾಯಿಗೆ ಸುರಿಯುತ್ತಿರಲಿಲ್ಲ, ಅವಳೇ ಹೀರುವವರೆಗೆ ಕಾಯುತ್ತಿದ್ದರು. ಉಳಿದದ್ದನ್ನು ಮತ್ತೆ ಕೊಡುತ್ತಿರಲಿಲ್ಲ. ಪ್ಯಾಕೆಟ್ ಮೇಲೆ ತಾರೀಖು ಬರೆಯುವ ಕೆಲಸವನ್ನೂ ತಾವೇ ತೆಗೆದುಕೊಂಡರು, ಕನ್ನಡ ಅಂಕಿಯಲ್ಲಿ, ದಪ್ಪಗೆ. ಹಳೆಯದು ಮುಂದೆ, ಹೊಸದು ಹಿಂದೆ.

ಜೂನ್ ಕೊನೆಗೆ ಮಳೆ ಹಿಡಿಯಿತು. ಅಷ್ಟರಲ್ಲಿ ಮಗಳು ರಾಗಿ ಗಂಜಿಗೆ ಬಾಯಿ ತೆರೆಯುತ್ತಿದ್ದಳು. ಮಧ್ಯಾಹ್ನ ಒಂದು ಸಲ ಹಿಂಡಿದರೆ ಸಾಕಾಯಿತು, ಆಮೇಲೆ ಅದೂ ಬೇಡವಾಯಿತು. ಸಿಂಧನೂರಿನ ನನ್ನ ಗೆಳತಿ ಮುಂದಿನ ವಾರ ಕೆಲಸಕ್ಕೆ ಹೋಗುತ್ತಾಳೆ. ನೀಲಿ ಡಬ್ಬಿ ನಿನ್ನೆ ಬಸ್ಸಿನಲ್ಲಿ ಅವಳ ಊರಿಗೆ ಹೋಯಿತು. ಕೊಡುವ ಮುಂಚೆ ಅತ್ತೆ ಐಸ್ ಪ್ಯಾಕ್ ನಾಲ್ಕೂ ಇವೆಯೋ ಇಲ್ಲವೋ ಎಂದು ಎರಡು ಸಲ ಎಣಿಸಿದರು.