ಲಾಲ್‌ಬಾಗ್ ಸುತ್ತಾಟದ ದಾಖಲೆ: ಎರಡು ವರ್ಷದ ಮಗು, ನಾಲ್ಕು ಬೆಳಿಗ್ಗೆ

ಸುತ್ತು 1, ಜನವರಿ ಮೊದಲ ವಾರ

ಯೋಜನೆ: ಬಂಡೆ, ಬೂರುಗದ ಮರ, ಕೆರೆ, ಮೂರೂ ಒಂದೇ ಬೆಳಿಗ್ಗೆ. ಆದದ್ದು: ಬಂಡೆ, ಅದೂ ಅರ್ಧ. ದೂರದ ಲೆಕ್ಕ ಹಾಕಿದ್ದೇ ತಪ್ಪು. 22 ತಿಂಗಳ ಮಗು ಕಂಡ ಕಂಡ ಇರುವೆಸಾಲಿನ ಮುಂದೆಲ್ಲ ಕುಕ್ಕರಗಾಲಲ್ಲಿ ಕೂರುತ್ತದೆ. ಗಂಟೆಗೆ ಅರ್ಧ ಕಿಲೋಮೀಟರ್ ಸಾಗಿದರೆ ಹೆಚ್ಚು. ಇನ್ನು ಗಡಿಯಾರದ ಲೆಕ್ಕ: ಒಟ್ಟು 75 ನಿಮಿಷ, 30ನೇ ನಿಮಿಷಕ್ಕೆ ಎಲ್ಲಿದ್ದರೂ ವಾಪಸು. ಬರುವಾಗ ಕಾಲು ಸೋತಿರುತ್ತದೆ, ಅದಕ್ಕೇ ವಾಪಸಿಗೆ ಹೆಚ್ಚು ಸಮಯ. ತಿಂಡಿ ತಿರುಗುವ ಜಾಗದಲ್ಲೇ ಕೊಟ್ಟರೆ ರಂಪ ಕಡಿಮೆ. ಬಾಳೆಹಣ್ಣು, ಮೆತ್ತಗಿನ ಚಪಾತಿ ಸುರುಳಿ ಸಾಕು. ಕಡಲೆಬೀಜ ಬೇಡ, ಉಸಿರುನಾಳಕ್ಕೆ ಇಳಿಯುವ ಅಪಾಯವಿದೆ.

ಸುತ್ತು 2, ಫೆಬ್ರವರಿ: ಬಂಡೆ ಮಾತ್ರ

ಸುಮಾರು 300 ಕೋಟಿ ವರ್ಷ ಹಳೆಯ ನೈಸ್ (gneiss) ಎಂಬ ಪಟ್ಟೆಪಟ್ಟೆಯ ಗಟ್ಟಿ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಗುವಿಗೆ ಬೇಕಾದದ್ದು ಅದರ ಮೇಲಿನ ಅಂಗೈಯಗಲದ ಗುಳಿ, ಗುಳಿಯೊಳಗಿನ ಎಲೆ.

ಹತ್ತುವುದು ಸಲೀಸು, ಅಂಬೆಗಾಲಿನಲ್ಲೇ ಏರುತ್ತದೆ. ಬೀಳುವುದು ಇಳಿಯುವಾಗ: ಈ ವಯಸ್ಸಿಗೆ ಮೈಯ ಅಳತೆಗೆ ತಲೆ ದೊಡ್ಡದು, ಭಾರ, ಇಳಿಜಾರಿನಲ್ಲಿ ಮುಂದಕ್ಕೆ ವಾಲುತ್ತದೆ. ದೊಡ್ಡವರು ಎರಡು ಹೆಜ್ಜೆ ಕೆಳಗೆ, ಮಗುವಿಗೆ ಎದುರಾಗಿ ನಿಲ್ಲಬೇಕು. ಕಡಿದಾದಲ್ಲಿ ಕುಂಡೆಯ ಮೇಲೆ ಕೂತು ಜಾರಿ ಇಳಿಯಲಿ. ಚಡ್ಡಿ ಸವೆಯುತ್ತದೆ, ಸವೆಯಲಿ. ಮಣಿಕಟ್ಟು ಹಿಡಿದು ಮೇಲಕ್ಕೆ ಎಳೆಯಲೇಬಾರದು, ಮೊಣಕೈ ಕೀಲು ತಪ್ಪುತ್ತದೆ. ಬೆರಳು ಕೊಡಿ, ಅದೇ ಹಿಡಿಯಲಿ. ಎತ್ತುವುದಾದರೆ ಕಂಕುಳಲ್ಲಿ ಕೈ ಹಾಕಿ.

ಬಂಡೆ ಒಣಗಿದ್ದು ತಣ್ಣಗಿದ್ದರೆ ಬರಿಗಾಲೇ ಒಳ್ಳೆಯದು, ಹಿಡಿತ ಸಿಗುತ್ತದೆ. ಬಿಸಿಲೇರಿದ ಮೇಲೆ ಅಂಗೈಯ ಹಿಂಬದಿ ಐದು ಸೆಕೆಂಡು ಇಟ್ಟು ನೋಡಿ; ತಡೆಯಲಾಗದಿದ್ದರೆ ಬೂಟು. ನೀರು ಹರಿದು ಕಪ್ಪಾದ ಪಟ್ಟಿಗಳ ಮೇಲೆ ಪಾಚಿ ಇರುತ್ತದೆ, ಅಲ್ಲಿ ಯಾವ ಬೂಟೂ ನಿಲ್ಲದು.

ಸುತ್ತು 3, ಮಾರ್ಚ್: ಬೂರುಗದ ಬೇರು

ಗೋಡೆಯಂತೆ ಎದ್ದ ಬೇರುಗಳನ್ನು ದೂರದಿಂದ ನೋಡಿ, ಮುಟ್ಟುವ ಆಟ ಬೇರೆ ಮರಗಳ ಕೆಳಗೆ. ಸಾಮಾನು: ಆರು ಗುಳಿಯ ಮೊಟ್ಟೆ ಟ್ರೇ. ಉದುರಿದ್ದು ಮಾತ್ರ, ಆರೇ ವಸ್ತು. ಮಹಾಗನಿಯ ರೆಕ್ಕೆಬೀಜವನ್ನು ಎತ್ತರದಿಂದ ಬಿಟ್ಟರೆ ಗಿರಗಿರನೆ ಸುತ್ತಿ ಇಳಿಯುತ್ತದೆ, ಇಪ್ಪತ್ತು ಸಲ ಬಿಟ್ಟರೂ ಬೇಸರವಿಲ್ಲ. ಗುಲ್ಮೊಹರಿನ ಒಣಕಾಯಿ ಗಿಲಕಿಯಾಗುತ್ತದೆ. ಮಳೆಮರದ ಕಾಯಿ ಬೇಡ: ಅಂಟು, ಸಿಹಿ, ಒಳಗೆ ಇರುವೆ. ಟಿಶ್ಯೂ ಸುರುಳಿಯ ಕೊಳವೆಯೊಳಗೆ ತೂರುವಷ್ಟು ಸಣ್ಣದೆಲ್ಲ ದೊಡ್ಡವರ ಜೇಬಿಗೆ. ಕಣಗಿಲೆಯ ಹೂವು, ಎಲೆ, ಗುಲಗಂಜಿ ಕಂಡರೆ ಮುಟ್ಟಲೂ ಬಿಡಬೇಡಿ.

ಸುತ್ತು 4, ಜೂನ್: ಕೆರೆ

ಮಳೆ ನಿಂತ ಮರುದಿನ. ದುರ್ಬೀನು ಒಯ್ದದ್ದು ದಂಡ, ಈ ವಯಸ್ಸಿಗೆ ಕಣ್ಣು ಹೊಂದಿಸಲು ಬರುವುದಿಲ್ಲ. ರೆಕ್ಕೆ ಬಿಚ್ಚಿ ಒಣಗಿಸುವ ನೀರುಕಾಗೆ ಬರಿಗಣ್ಣಿಗೇ ಕಾಣುತ್ತದೆ; ಮಗುವೂ ಕೈ ಬಿಚ್ಚಿ ನಿಂತಿತು. ನೀರಿನಂಚಿನಲ್ಲಿ ಒಬ್ಬರ ಕೆಲಸ ಮಗುವನ್ನು ಹಿಡಿಯುವುದಷ್ಟೇ, ಫೋಟೊ ಇನ್ನೊಬ್ಬರದು.

ಕಂಬಳಿಹುಳ ತಾಗಿದರೆ ಉಜ್ಜಬೇಡಿ, ರೋಮ ಇನ್ನಷ್ಟು ಚುಚ್ಚಿಕೊಳ್ಳುತ್ತದೆ. ಅಂಟುಟೇಪು ಒತ್ತಿ ಕಿತ್ತು, ಆಮೇಲೆ ನೀರು, ಸೋಪು. ಚೀಲದಲ್ಲಿ ಒಂದು ಸುರುಳಿ ಟೇಪು ಕಾಯಂ.

ಮುಂದಿನ ಸುತ್ತು ಆಗಸ್ಟ್ ಫಲಪುಷ್ಪ ಪ್ರದರ್ಶನ ಮುಗಿದ ಮೇಲೆ. ಪ್ರದರ್ಶನದ ದಿನಗಳಲ್ಲಿ ಮಗುವಿನ ಎತ್ತರಕ್ಕೆ ಕಾಣುವುದು ಜನರ ಮೊಣಕಾಲು ಮಾತ್ರ.