ವೇಗ ಮೈಗೆ ಗೊತ್ತಾಗಲ್ಲ

ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನಗೆ ಬಯಾಲಜಿ ತಗೊಂಡ ಮಕ್ಕಳು ಪ್ರತಿ ವರ್ಷ ಕೇಳುವ ಪ್ರಶ್ನೆ ಒಂದೇ: "ಡಾಕ್ಟರ್ ಆಗೋರಿಗೆ ಚಲನೆಯ ಪಾಠ ಯಾಕೆ ಮೇಡಂ?" ಉತ್ತರ ನಮ್ಮ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ಇದೆ. ವಿಮಾನಪುರದಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ (ಪೈಲಟ್, ಗಗನಯಾತ್ರಿಗಳ ಆರೋಗ್ಯ ನೋಡುವ ವೈದ್ಯಕೀಯ ಸಂಸ್ಥೆ) ಇದೆಯಲ್ವಾ, ಅಲ್ಲಿ. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಅವರನ್ನು ಪರೀಕ್ಷೆ ಮಾಡಿದ್ದು ಅಲ್ಲೇ. ನಮ್ಮವರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನ ಯೋಜನೆಗೆ ನಾಲ್ವರು ಪೈಲಟ್‌ಗಳನ್ನು ಆರಿಸಿದ್ದೂ ಅಲ್ಲೇ.

ಮೊದಲು ಒಂದು ವಿಷಯ. ವೇಗ ಮೈಗೆ ಗೊತ್ತಾಗುವುದಿಲ್ಲ, ವೇಗ ಬದಲಾದರೆ ಮಾತ್ರ ಗೊತ್ತಾಗುತ್ತದೆ. ಮೆಟ್ರೋ ಒಂದೇ ವೇಗದಲ್ಲಿ ಓಡುವಾಗ ಕಂಬಿ ಹಿಡಿಯದೆ ಆರಾಮಾಗಿ ನಿಲ್ಲಬಹುದು. ಬ್ರೇಕ್ ಬಿದ್ದಾಗಲೇ ಮುಂದಕ್ಕೆ ವಾಲುವುದು. ಬಾಹ್ಯಾಕಾಶ ನಿಲ್ದಾಣ ಗಂಟೆಗೆ ಸುಮಾರು 27,600 ಕಿ.ಮೀ. ವೇಗದಲ್ಲಿ ಭೂಮಿಯನ್ನು ಸುತ್ತುತ್ತದೆ. ಒಳಗಿರುವವರಿಗೆ ಆ ವೇಗದಿಂದ ಏನೂ ತೊಂದರೆ ಇಲ್ಲ. ಕಷ್ಟ ಇರುವುದು ಆ ವೇಗಕ್ಕೆ ಏರುವ ಕೆಲವೇ ನಿಮಿಷಗಳಲ್ಲಿ, ಮತ್ತೆ ವಾಪಸ್ ಇಳಿಯುವಾಗ.

ಆಗ 3–4 ಜಿ ಒತ್ತಡ ಬೀಳುತ್ತದೆ. 4 ಜಿ ಅಂದರೆ ಮೈಯ ಭಾರ ನಾಲ್ಕು ಪಟ್ಟು. ರಕ್ತವೂ ಅಷ್ಟೇ ಭಾರ. ನೆಟ್ಟಗೆ ಕೂತಿದ್ದರೆ ರಕ್ತ ತಲೆಯಿಂದ ಕಾಲಿನ ಕಡೆ ಇಳಿದು ಕಣ್ಣು ಮಂಜಾಗಬಹುದು, ಎಚ್ಚರ ತಪ್ಪಬಹುದು. ಅದಕ್ಕೇ ಗಗನಯಾತ್ರಿಗಳು ಬೆನ್ನ ಮೇಲೆ ಮಲಗಿ ಮೇಲೇರುತ್ತಾರೆ. ಭಾರವೆಲ್ಲ ಎದೆಯ ಮೇಲೆ ಬೀಳುತ್ತದೆ, ಉಸಿರು ಎಳೆದುಕೊಳ್ಳುವುದಕ್ಕೂ ಅಭ್ಯಾಸ ಬೇಕು. 2018ರಲ್ಲಿ ರಷ್ಯಾದ ಸೊಯೂಜ್ ರಾಕೆಟ್ ಅರ್ಧ ದಾರಿಯಲ್ಲಿ ಕೈಕೊಟ್ಟಾಗ ಒಳಗಿದ್ದ ಇಬ್ಬರು 6 ಜಿಗಿಂತ ಜಾಸ್ತಿ ತಡೆದುಕೊಂಡು ಕ್ಷೇಮವಾಗಿ ಇಳಿದರು. ಇಂಥದ್ದಕ್ಕೆ ಮೈ ಹದ ಮಾಡುವುದು ಸೆಂಟ್ರಿಫ್ಯೂಜ್. ಉದ್ದನೆಯ ತೋಳಿನ ತುದಿಯಲ್ಲಿ ಮನುಷ್ಯನನ್ನು ಕೂರಿಸಿ ಗಿರಗಿರ ತಿರುಗಿಸುವ ಯಂತ್ರ. ತೋಳು 8 ಮೀಟರ್ ಇದೆ ಅಂದುಕೊಳ್ಳಿ. 4 ಜಿ ಬರಬೇಕಾದರೆ ತುದಿಯ ವೇಗ ಗಂಟೆಗೆ 64 ಕಿ.ಮೀ. ಇದ್ದರೆ ಸಾಕು. ಹೆಚ್ಚುಕಡಿಮೆ ಮೂರು ಸೆಕೆಂಡಿಗೆ ಒಂದು ಸುತ್ತು. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸುವ ಅದೇ ಸೂತ್ರ, ಪರೀಕ್ಷೆಗೆ ಅಂತ ಬಾಯಿಪಾಠ ಮಾಡ್ತೀವಲ್ಲ, ಅದೇ.

ತರಗತಿಯಲ್ಲಿ ನನಗೆ ತುಂಬ ಇಷ್ಟದ ಪ್ರಯೋಗ ಬೇರೆ. ತಿರುಗುವ ಕುರ್ಚಿಯಲ್ಲಿ ಒಬ್ಬರನ್ನು ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ನಿಧಾನವಾಗಿ ಒಂದೇ ವೇಗದಲ್ಲಿ ಬಲಕ್ಕೆ ತಿರುಗಿಸುತ್ತೇನೆ. ಯಾವ ಕಡೆ ತಿರುಗುತ್ತಿದ್ದೀವಿ ಅನ್ನಿಸುತ್ತದೋ ಆ ಕಡೆ ಹೆಬ್ಬೆರಳು ತೋರಿಸಬೇಕು. ಮೊದಮೊದಲು ಬೆರಳು ಸರಿಯಾಗಿ ಬಲಕ್ಕೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಮೆಲ್ಲಗೆ ನೆಟ್ಟಗಾಗುತ್ತದೆ. "ನಿಂತೋಯ್ತು ಮೇಡಂ" ಅನ್ನುತ್ತಾರೆ, ಕುರ್ಚಿ ಇನ್ನೂ ತಿರುಗುತ್ತಲೇ ಇರುತ್ತದೆ. ಕುರ್ಚಿ ನಿಲ್ಲಿಸಿದ ತಕ್ಷಣ ಬೆರಳು ಎಡಕ್ಕೆ! ಸುತ್ತ ನಿಂತವರು ಬಾಯಿ ಮುಚ್ಚಿಕೊಂಡು ನಗುತ್ತಾರೆ. ಒಳಕಿವಿಯ ಅರ್ಧವೃತ್ತದ ನಾಳಗಳಲ್ಲಿ ದ್ರವ ಇದೆ. ತಲೆ ತಿರುಗಿದಾಗ ಅದು ಹಿಂದೆ ಉಳಿಯುತ್ತದೆ, ಆಮೇಲೆ ಜೊತೆಗೆ ಸೇರಿಕೊಳ್ಳುತ್ತದೆ, ತಲೆ ನಿಂತರೂ ತಾನು ಹರಿಯುತ್ತದೆ. ನ್ಯೂಟನ್ನನ ಮೊದಲ ನಿಯಮ ನಮ್ಮ ಕಿವಿಯೊಳಗೇ ಇದೆ. ಪೈಲಟ್‌ಗಳಿಗೂ ಇದೇ ಥರದ ಕುರ್ಚಿಯಲ್ಲಿ ಕೂರಿಸಿ, ಕಿವಿ ಹೇಳಿದ್ದನ್ನು ನಂಬಬೇಡ, ಮೀಟರ್ ನೋಡು ಅಂತ ಕಲಿಸುತ್ತಾರೆ.

ಮೇಲೆ ಹೋದ ಮೇಲೆ ಗೊಂದಲ ಇನ್ನೊಂದು ಥರ. ಅಲ್ಲಿ ಗುರುತ್ವ ಇಲ್ಲ ಅನ್ನುವುದು ಸುಳ್ಳು. 400 ಕಿ.ಮೀ. ಎತ್ತರದಲ್ಲೂ ನೆಲದ ಗುರುತ್ವದ ನೂರಕ್ಕೆ ಸುಮಾರು 90 ಪಾಲು ಇದ್ದೇ ಇದೆ. ನಿಲ್ದಾಣ, ಅದರೊಳಗಿನ ಮನುಷ್ಯ ಎರಡೂ ಒಟ್ಟಿಗೆ ಬೀಳುತ್ತಿರುವುದರಿಂದ ತೂಕ ತಿಳಿಯುವುದಿಲ್ಲ, ಅಷ್ಟೇ. ಆದರೆ ಕಿವಿಯೊಳಗೆ ಮೇಲೆ ಕೆಳಗೆ ಯಾವುದು ಅಂತ ಹೇಳುವ ಸುಣ್ಣದ ಸಣ್ಣ ಹರಳುಗಳಿಗೂ ತೂಕ ಇರುವುದಿಲ್ಲ. ಮೊದಲ ದಿನಗಳಲ್ಲಿ ಎಷ್ಟೋ ಜನಕ್ಕೆ ವಾಂತಿ. ಮೂಳೆ ತಿಂಗಳಿಗೆ ನೂರಕ್ಕೆ ಒಂದು ಪಾಲಿನಷ್ಟು ಸವೆಯುತ್ತದೆ. ಅದಕ್ಕೇ ದಿನಾ ಎರಡು ಗಂಟೆಯಷ್ಟು ವ್ಯಾಯಾಮ.

2025ರ ಜುಲೈನಲ್ಲಿ ಬಾಹ್ಯಾಕಾಶ ನಿಲ್ದಾಣದಿಂದ ಮರಳಿದ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಲ್ಯಾಪ್‌ಟಾಪನ್ನು ತೇಲುತ್ತದೆ ಅಂದುಕೊಂಡು ಮಂಚದ ಪಕ್ಕಕ್ಕೆ ಬಿಟ್ಟೆ, ಬಿದ್ದೇ ಹೋಯ್ತು ಅಂತ ಹೇಳಿಕೊಂಡಿದ್ದಾರೆ. ಮೂರು ವಾರಕ್ಕೇ ಹೀಗೆ. ಮಂಗಳಕ್ಕೆ ಆರೇಳು ತಿಂಗಳ ದಾರಿ, ಇಳಿದಾಗ ಕೈಹಿಡಿದು ಎಬ್ಬಿಸಲು ಅಲ್ಲಿ ಯಾರೂ ಇರುವುದಿಲ್ಲ. ರಾಕೆಟ್ ಕಟ್ಟುವವರಷ್ಟೇ ಡಾಕ್ಟರುಗಳೂ ಈ ಕೆಲಸಕ್ಕೆ ಬೇಕು. ಎಂಬಿಬಿಎಸ್ ಆದಮೇಲೆ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಎಂ.ಡಿ. ಮಾಡುವ ಅವಕಾಶ ಇದೇ ವಿಮಾನಪುರದಲ್ಲಿದೆ. ಮನೆಯಲ್ಲಿ ನೀಟ್‌ಗೆ ಓದುವ ಮಕ್ಕಳಿದ್ದರೆ ದಯವಿಟ್ಟು ಹೇಳಿ.